ಎಲುಬುಗಳ ಹೆಸರು ನೆನಪಿನಲ್ಲಿ ನಿಲ್ಲಬೇಕಾದರೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ, ಗದಗ):

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ರೋಣ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಮೊದಲ ವರ್ಷದಲ್ಲಿದ್ದು, ದಿನವೂ ಗದಗದಿಂದ ರೈಲಿನಲ್ಲಿ ಹೋಗಿ ಬರುತ್ತೇನೆ. ಅಸ್ಥಿಪಂಜರದ ಪಾಠ ನಡೆದಿದೆ. 206 ಎಲುಬುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಆ ಹೊತ್ತಿಗೆ ಬರುತ್ತದೆ. ಆದರೆ ಎಲುಬನ್ನೇ ಕೈಗೆ ಕೊಟ್ಟು, ಇದು ಯಾವುದು, ಬಲಗಡೆಯದೋ ಎಡಗಡೆಯದೋ ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಮುಂಗೈಯ ರೇಡಿಯಸ್ ಮತ್ತು ಅಲ್ನಾ, ಮೊಣಕಾಲಿನ ಕೆಳಗಿನ ಟಿಬಿಯಾ ಮತ್ತು ಫಿಬುಲಾ ಮತ್ತೆ ಮತ್ತೆ ಅದಲುಬದಲಾಗುತ್ತವೆ. ಮುಖ್ಯವಾದ ಎಲುಬುಗಳನ್ನು ಯಾವ ಕ್ರಮದಲ್ಲಿ ಕಲಿಯಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ನಿವೃತ್ತ ಅಂಗರಚನಾಶಾಸ್ತ್ರ ಅಧ್ಯಾಪಕ, ಧಾರವಾಡ):

ತಂಗಿ, ಪಟ್ಟಿಯನ್ನು ಸದ್ಯಕ್ಕೆ ಬದಿಗಿಟ್ಟು, ನಿನ್ನ ಮೈಯಲ್ಲೇ ಬೆರಳಿಗೆ ಸಿಗುವ ಎಲುಬುಗಳಿಂದ ಆರಂಭಿಸು. ಎದೆಯೆಲುಬಿನಿಂದ ಹೆಗಲಿನವರೆಗೆ ಅಡ್ಡಲಾಗಿರುವ ಕ್ಲಾವಿಕಲ್ ತನ್ನ ಪೂರ್ತಿ ಉದ್ದಕ್ಕೂ ಚರ್ಮದ ಕೆಳಗೇ ಸಿಗುತ್ತದೆ. ಅದರ ಹೊರತುದಿ ಹೆಗಲಿನ ಹಿಂದಿನ ಚಪ್ಪಟೆ ಎಲುಬಾದ ಸ್ಕ್ಯಾಪುಲಾವನ್ನು ಸೇರುತ್ತದೆ. ಮೊಣಕೈ ಮಡಿಸಿದಾಗ ಮೇಜಿಗೆ ಊರುವ ಗಟ್ಟಿ ತುದಿ ಅಲ್ನಾದ್ದು. ಅಲ್ಲಿಂದ ಕಿರುಬೆರಳಿನ ಕಡೆಗೆ ಬೆರಳೆಳೆದರೆ ಮಣಿಕಟ್ಟಿನವರೆಗೂ ಅದರ ಅಂಚು ತಪ್ಪುವುದಿಲ್ಲ. ಹೆಬ್ಬೆರಳಿನ ಕಡೆಯದು ರೇಡಿಯಸ್. ಅಂಗೈಯನ್ನು ಕೆಳಮುಖವಾಗಿ ತಿರುಗಿಸಿದಾಗ ಅದು ಅಲ್ನಾದ ಮೇಲೆ ಅಡ್ಡ ಹಾಯುತ್ತದೆ. ಅಲ್ನಾ ಮೊಣಕೈಯಲ್ಲಿ ದಪ್ಪವಾಗಿ ಮಣಿಕಟ್ಟಿನಲ್ಲಿ ಸಣ್ಣದಾಗುತ್ತದೆ, ರೇಡಿಯಸ್ ಮೊಣಕೈಯಲ್ಲಿ ಸಣ್ಣದಿದ್ದು ಮಣಿಕಟ್ಟಿನಲ್ಲಿ ಅಗಲವಾಗುತ್ತದೆ. ಕಾಲಿನಲ್ಲಿ ಮೊಣಕಾಲಿನ ಕೆಳಗೆ ಮುಂದುಗಡೆ ಚೂಪಾಗಿ ಸಿಗುವ ಅಂಚು, ಪಾದದ ಕೀಲಿನ ಒಳಗಂಟು, ಎರಡೂ ಟಿಬಿಯಾದ್ದು; ಹೊರಗಂಟು ಫಿಬುಲಾದ್ದು. ಮೈಯ ಭಾರವನ್ನು ಹೆಚ್ಚಾಗಿ ಹೊರುವುದು ಟಿಬಿಯಾ. ಫಿಬುಲಾ ಮೊಣಕಾಲಿನ ಕೀಲಿನಲ್ಲಿ ಸೇರುವುದೇ ಇಲ್ಲ. ರೈಲು ಅಣ್ಣಿಗೇರಿ ಮುಟ್ಟುವುದರೊಳಗೆ ಕೈಯನ್ನೂ ಹುಬ್ಬಳ್ಳಿ ಮುಟ್ಟುವುದರೊಳಗೆ ಕಾಲನ್ನೂ ಹೀಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೋಗಬಹುದು.

ಬಲ-ಎಡ ತಿಳಿಯಲು, ಎಲುಬನ್ನು ನಿನ್ನದೇ ಮೈಯೊಳಗೆ ಇರುವಂತೆ ಹಿಡಿದುಕೊಳ್ಳಬೇಕು. ತೊಡೆಯ ಎಲುಬಾದ ಫೀಮರ್‌ನ ಗುಂಡು ತಲೆ ಮೇಲಿರಲಿ, ನಡುಭಾಗದ ಒರಟು ಏಣು ನಿನ್ನ ಕಡೆಗಿರಲಿ. ಆಗ ತಲೆ ಎಡಕ್ಕೆ ನೋಡಿದರೆ ಅದು ಬಲಗಾಲಿನದು, ಏಕೆಂದರೆ ತಲೆ ಯಾವಾಗಲೂ ಒಳಮುಖವಾಗಿ ಸೊಂಟದ ಕುಳಿಯ ಕಡೆಗಿರುತ್ತದೆ. ತೋಳಿನ ಎಲುಬಾದ ಹ್ಯೂಮರಸ್‌ಗೂ ಇದೇ ರೀತಿ. ಕೆಳತುದಿಯ ಆಳವಾದ ಕುಳಿ ಹಿಂದಿನ ಭಾಗದ್ದು.

ಲೆಕ್ಕವನ್ನು ಕೊನೆಗೆ ನೋಡು. ತೋಳಿನಿಂದ ಬೆರಳಿನ ತುದಿಯವರೆಗೆ ಒಂದು ಕೈಯಲ್ಲಿ 30, ತೊಡೆಯಿಂದ ಬೆರಳಿನ ತುದಿಯವರೆಗೆ ಒಂದು ಕಾಲಿನಲ್ಲಿಯೂ 30. ನಾಲ್ಕೂ ಸೇರಿ 120. ಹೆಗಲಿನ 4, ಸೊಂಟದ 2 ಕೂಡಿಸಿದರೆ 126. ಉಳಿದ 80 ತಲೆ, ಕಿವಿ, ಕೊರಳು, ಬೆನ್ನು ಮತ್ತು ಎದೆಗೆ ಸೇರಿದವು. ಮಣಿಕಟ್ಟಿನ 8 ಮತ್ತು ಪಾದದ ಹಿಂಭಾಗದ 7 ಸಣ್ಣ ಎಲುಬುಗಳನ್ನು ಎರಡನೆಯ ಸುತ್ತಿಗೆ ಬಿಡಬಹುದು.

ಉತ್ತರ (ಎಕ್ಸ್-ರೇ ತಂತ್ರಜ್ಞ, ಹಾವೇರಿ):

ಗುರುಗಳು ಹೇಳಿದ ಕ್ರಮವೇ ಸರಿ. ಆದರೆ ಮಣಿಕಟ್ಟಿನ ಎಂಟರಲ್ಲಿ ಹೆಬ್ಬೆರಳಿನ ಕಡೆಯ ಸ್ಕೇಫಾಯ್ಡ್ ಒಂದನ್ನಾದರೂ ಮೊದಲ ಸುತ್ತಿನಲ್ಲೇ ಕಲಿಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ದೀಪಾವಳಿಯ ನಂತರ ಹೋರಿ ಬೆದರಿಸುವ ಆಟದಲ್ಲಿ ಕೈಯೂರಿ ಬಿದ್ದವರಾಗಲಿ, ಬೈಕಿನಿಂದ ಬಿದ್ದವರಾಗಲಿ, ಬಂದಾಗ ನೋಡಬೇಕಾದ ಜಾಗಗಳು ಮುಖ್ಯವಾಗಿ ಮೂರು: ರೇಡಿಯಸ್‌ನ ಕೆಳತುದಿ, ಸ್ಕೇಫಾಯ್ಡ್, ಕ್ಲಾವಿಕಲ್‌ನ ನಡುಭಾಗ. ಸ್ಕೇಫಾಯ್ಡ್‌ನ ಬಿರುಕು ಮೊದಲ ಎಕ್ಸ್-ರೇಯಲ್ಲಿ ಕಾಣದೆಯೂ ಇರಬಹುದು. ಅದಕ್ಕೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹರಿದು ಬರುವುದರಿಂದ, ನಡುವೆ ಮುರಿದರೆ ಮುಂಗೈಯ ಕಡೆಯ ತುಂಡಿಗೆ ರಕ್ತ ನಿಂತು ಅದು ನಿರ್ಜೀವವಾಗುವ ಅಪಾಯವಿದೆ. ಹೆಬ್ಬೆರಳಿನ ಬುಡದ ಕುಳಿಯಲ್ಲಿ ಒತ್ತಿದಾಗ ರೋಗಿಗೆ ನೋವಾದರೆ ನರ್ಸ್ ಆದವರು ಅದನ್ನು ಹಗುರವಾಗಿ ತೆಗೆದುಕೊಳ್ಳದೆ ವೈದ್ಯರಿಗೆ ತಿಳಿಸಬೇಕು. ಮನೆಯಲ್ಲಿ ಜಾರಿ ಬಿದ್ದ ವಯಸ್ಸಾದವರಲ್ಲಿಯಾದರೆ ಫೀಮರ್‌ನ ಕುತ್ತಿಗೆಯನ್ನು ಮೊದಲು ನೋಡುತ್ತೇವೆ. ಹೀಗೆ ಮುರಿಯುವ ಜಾಗದ ಜೊತೆಗೆ ಕಲಿತ ಎಲುಬು ವಾರ್ಡಿನಲ್ಲಿ ತಾನಾಗಿಯೇ ನೆನಪಾಗುತ್ತದೆ.

ಪ್ರಶ್ನೆ ಕೇಳಿದವರು:

ಗುರುಗಳೇ, ಅಣ್ಣಾ, ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ: ಬೆನ್ನಿನ ಬಿಡಿ ಎಲುಬು ಕೊಟ್ಟರೆ ಅದು ಕುತ್ತಿಗೆಯದೋ, ಎದೆಯದೋ, ಸೊಂಟದ್ದೋ ಎಂದು ಹೇಗೆ ಹೇಳುವುದು?

ಉತ್ತರ (ನಿವೃತ್ತ ಅಧ್ಯಾಪಕ, ಧಾರವಾಡ):

ಮೊದಲು ಅಕ್ಕಪಕ್ಕದ ಚಾಚುಗಳನ್ನು ನೋಡು. ಅವುಗಳಲ್ಲಿ ರಂಧ್ರವಿದ್ದರೆ ಕುತ್ತಿಗೆಯ 7ರಲ್ಲಿ ಒಂದು. ರಂಧ್ರವಿಲ್ಲದೆ, ಎಲುಬಿನ ದೇಹದ ಬದಿಯಲ್ಲಿ ಪಕ್ಕೆಲುಬು ಕೂಡುವ ನುಣುಪಾದ ಗುರುತಿದ್ದರೆ ಎದೆಯ 12ರಲ್ಲಿ ಒಂದು. ಎರಡೂ ಇಲ್ಲದೆ ದೇಹ ದೊಡ್ಡದಾಗಿ ದಪ್ಪವಾಗಿದ್ದರೆ ಸೊಂಟದ 5ರಲ್ಲಿ ಒಂದು. ಅದರ ಕೆಳಗಿನ 5 ಬೆಸೆದುಕೊಂಡು ಸೇಕ್ರಂ ಆಗಿರುತ್ತವೆ, ಕೊನೆಯ ಸಣ್ಣ ತುಂಡುಗಳು ಕಾಕ್ಸಿಕ್ಸ್. ಇವೆರಡನ್ನೂ ಒಂದೊಂದೇ ಎಲುಬೆಂದು ಲೆಕ್ಕ ಹಿಡಿಯುವುದರಿಂದಲೇ ಬೆಳೆದವರ ಬೆನ್ನಿನಲ್ಲಿ 26 ಎಂದು ಎಣಿಸುತ್ತೇವೆ.