ಗೋಡೆ ಒಡೆಯದೆ ಶವರ್ ಹಾಕಿಸುವುದು: ಹೊರಗೆ ಕಾಣುವ ಪೈಪು, ಮಿಕ್ಸರ್‌ಗಳ ಬಗ್ಗೆ ಅನುಭವ ಹಂಚಿಕೆ

ಪ್ರಶ್ನೆ, ಮೈಸೂರಿನಿಂದ:

ನಮ್ಮದು ತಂದೆಯವರು 1974ರಲ್ಲಿ ಕಟ್ಟಿಸಿದ ಮನೆ. ಬಚ್ಚಲುಮನೆಯ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪುಗಳು ಗೋಡೆಯೊಳಗೇ ತುಕ್ಕು ಹಿಡಿದು ಎರಡು ಕಡೆ ಒಸರುತ್ತಿವೆ. ಗೋಡೆ ಕೊರೆದು ಹೊಸ ಪೈಪು ಹೂಳುವ ಬದಲು ಗೋಡೆಯ ಮೇಲೆಯೇ ಪೈಪು ಹಾಯಿಸಿ, ವಾಲ್ ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ಗೋಡೆಯ ನಲ್ಲಿ), ತಲೆಯ ಮೇಲಿನ ಶವರ್ ಮತ್ತು ಹ್ಯಾಂಡ್ ಶವರ್ ಮೂರನ್ನೂ ಹೊರಗೆ ಕಾಣುವಂತೆ ಹಾಕಿಸಬೇಕೆಂದಿದ್ದೇವೆ. ಬಿಸಿನೀರಿಗೆ ಸೋಲಾರ್ ಇದೆ. ಎಪ್ಪತ್ತೆಂಟು ವರ್ಷದ ತಾಯಿಯವರು ಬಳಸುವುದೂ ಇದೇ ಬಚ್ಚಲನ್ನು. ಅಂಗಡಿಯಲ್ಲಿ ತೋರಿಸುವುದೆಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ:

ನಿಮ್ಮ ನಿರ್ಧಾರ ಸರಿಯಾಗಿದೆ ಎಂದು ಮೊದಲಿಗೇ ಹೇಳುತ್ತೇನೆ. ನಮ್ಮ ಹಿಂದಿನ ಮನೆಯಲ್ಲಿ ಎಲ್ಲವೂ ಗೋಡೆಯೊಳಗಿತ್ತು. ಬಚ್ಚಲಿನ ಹಿಂದಿನ ಕೋಣೆಯ ಗೋಡೆಗೆ ತೇವ ಹತ್ತಿ, ಬೀರುವಿನಲ್ಲಿದ್ದ ಸೀರೆಗಳಿಗೆ ಬೂಷ್ಟು ಬಂದ ಮೇಲೆಯೇ ನಮಗೆ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಭಾಗ) ಸೋರುತ್ತಿರುವುದು ತಿಳಿದದ್ದು. ಆರು ಟೈಲ್ ಒಡೆದು ನೋಡಿದಾಗ ಕೆಟ್ಟಿದ್ದದ್ದು ಒಂದು ರಬ್ಬರ್ ರಿಂಗ್ ಮಾತ್ರ. ಅದೇ ಬಣ್ಣದ ಟೈಲ್ ಮತ್ತೆ ಸಿಗಲಿಲ್ಲ. ಈಗಿನ ಮನೆಯಲ್ಲಿ ಎಲ್ಲವೂ ಹೊರಗಿದೆ; ಸೋರಿದರೆ ಮೊದಲ ಹನಿಯೇ ಕಣ್ಣಿಗೆ ಬೀಳುತ್ತದೆ, ಸ್ಪ್ಯಾನರ್ ಒಂದಿದ್ದರೆ ಸಾಕು.

ಆರಿಸುವ ಮುನ್ನ ನೀರಿನ ಒತ್ತಡವನ್ನು ಅಳೆಯಿರಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಟ್ಯಾಂಕಿನ ನೀರು ಶವರಿಗಿಂತ ಒಂದು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್ ಮಾತ್ರ. ಮಾಳಿಗೆಯ ಮೇಲೆ ಟ್ಯಾಂಕ್ ಇರುವ ಮನೆಯ ಮೇಲಂತಸ್ತಿನ ಬಚ್ಚಲಿನಲ್ಲಿ ಕಾಲು ಬಾರ್ ಸಿಕ್ಕರೆ ಹೆಚ್ಚು. ಅಂಗಡಿಯಲ್ಲಿ ಕಣ್ಸೆಳೆಯುವ ತಟ್ಟೆಯಗಲದ ಮಳೆ ಶವರುಗಳಲ್ಲಿ ಹಲವಕ್ಕೆ ಅದರ ಮೂರು ನಾಲ್ಕು ಪಟ್ಟು ಒತ್ತಡ ಬೇಕು. ಎಷ್ಟು ಬೇಕೆಂಬುದನ್ನು ಪೆಟ್ಟಿಗೆಯ ಮೇಲೆ ಅಥವಾ ಒಳಗಿನ ಕಾಗದದಲ್ಲಿ ಬರೆದಿರುತ್ತಾರೆ, ಕೇಳಿ ಓದಿಸಿಕೊಳ್ಳಿ. ಮನೆಯಲ್ಲಿ ಈಗಿರುವ ಹಳೆಯ ಶವರನ್ನು ಬಿಚ್ಚಿ, ಅದೇ ಎತ್ತರದ ಬಾಯಿಗೆ ಒಂದು ತುಂಡು ಹೋಸ್ ಸಿಕ್ಕಿಸಿ, ಅದರ ತುದಿಯನ್ನು ಆ ಎತ್ತರಕ್ಕಿಂತ ಕೆಳಗಿಳಿಸದೆ ಒಂದು ನಿಮಿಷದಲ್ಲಿ ಬಕೆಟ್ಟಿಗೆ ಎಷ್ಟು ಲೀಟರ್ ಬೀಳುತ್ತದೆಂದು ನೋಡಿ. ಐದಾರು ಲೀಟರಿಗಿಂತ ಕಡಿಮೆ ಬಂದರೆ ನಾಲ್ಕು ಇಂಚಿನ ಸಣ್ಣ ಮುಖದ ಶವರೇ ಮೇಲು. ನಮ್ಮ ಮನೆಯಲ್ಲಿ ಎಂಟು ಇಂಚಿನದನ್ನು ಹಾಕಿಸಿ, ನಡುವಿನ ತೂತುಗಳಿಂದ ಮಾತ್ರ ನೀರು ತೊಟ್ಟಿಕ್ಕುವುದನ್ನು ಕಂಡು ತಿಂಗಳೊಳಗೆ ಬದಲಾಯಿಸಿದೆವು.

ಅನಂತರ ಮಿಕ್ಸರ್. ಬಿಸಿ ಮತ್ತು ತಣ್ಣೀರಿನ ಬಾಯಿಗಳ ನಡುವಿನ ಅಂತರ ಕೇಂದ್ರದಿಂದ ಕೇಂದ್ರಕ್ಕೆ 150 ಮಿ.ಮೀ., ಅಂದರೆ ಆರು ಇಂಚು, ಇರುವುದೇ ರೂಢಿ. ಹಳೆಯ ಮನೆಗಳಲ್ಲಿ ಅದು ಹೀಗೆ ಇರುವುದಿಲ್ಲವಾದರೂ, ಮಿಕ್ಸರಿನ ಜೊತೆಗೆ ಬರುವ ಬಾಗಿದ ಕಾಲುಗಳನ್ನು ತಿರುಗಿಸಿದರೆ ಒಂದಷ್ಟು ವ್ಯತ್ಯಾಸ ಸರಿಹೋಗುತ್ತದೆ. ನೀವು ಹೊಸದಾಗಿ ಪೈಪು ಎಳೆಯುವುದರಿಂದ ಮಿಕ್ಸರನ್ನು ಮೊದಲು ಕೊಂಡು, ಅದನ್ನೇ ಅಳತೆಗೆ ಹಿಡಿದು ಬಾಯಿಗಳನ್ನು ಕೂರಿಸುವಂತೆ ಪ್ಲಂಬರಿಗೆ ಹೇಳಿ. ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಗಿ ನೋಡಿ. ಹಿತ್ತಾಳೆಯ ಎರಕದ ಮಿಕ್ಸರಿಗೆ ತೂಕವಿರುತ್ತದೆ. ಕ್ರೋಮ್ ಹಚ್ಚಿದ ಪ್ಲಾಸ್ಟಿಕ್ ಹ್ಯಾಂಡ್ ಶವರಿಗೆ ನಡೆದೀತು, ಮಿಕ್ಸರಿನ ಒಡಲಿಗೆ ಬೇಡ. ಹಿತ್ತಾಳೆಯ ಮಿಕ್ಸರುಗಳಿಗೆ ಐಎಸ್ 8931 ಎಂಬ ಭಾರತೀಯ ಮಾನಕವಿದೆ. ಆ ಗುರುತಿದೆಯೇ ಎಂದು ನೋಡಿ, ಒಳಗಿನ ಸ್ಪಿಂಡಲ್ (ಹಿಡಿ ತಿರುಗಿಸಿದಾಗ ನೀರನ್ನು ಬಿಡುವ, ನಿಲ್ಲಿಸುವ ಭಾಗ) ನಿಮ್ಮ ಊರಿನಲ್ಲೇ ಬಿಡಿಯಾಗಿ ಸಿಗುತ್ತದೆಯೇ ಎಂಬುದನ್ನೂ ವಿಚಾರಿಸಿ.

ಇನ್ನು ಸೋಲಾರ್ ಇರುವ ಮನೆಗೆ ವಿಶೇಷವಾದ ಒಂದು ತೊಂದರೆ. ಮಿಕ್ಸರಿನ ಎರಡು ನಲ್ಲಿಗಳನ್ನೂ ತೆರೆದಿಟ್ಟು ಹ್ಯಾಂಡ್ ಶವರಿನ ಗುಂಡಿಯಿಂದ ಮಾತ್ರ ನೀರು ನಿಲ್ಲಿಸಿದರೆ, ಒತ್ತಡ ಹೆಚ್ಚಿರುವ ತಣ್ಣೀರು ಮಿಕ್ಸರಿನೊಳಗಿಂದಲೇ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದ ಮನೆಗಳಲ್ಲಿ ಇದು ಬಹಳ. ಬಿಸಿಲು ಚೆನ್ನಾಗಿದ್ದರೂ ನೀರು ಉಗುರುಬೆಚ್ಚಗೆ ಬರುತ್ತಿದೆಯೆಂದು ಸೋಲಾರಿನವರನ್ನು ಕರೆಸಿ ಹಣ ಕಳೆದುಕೊಂಡವರನ್ನು ಬಲ್ಲೆ. ಎರಡೂ ಪೈಪುಗಳಿಗೆ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಒತ್ತಡ ಕಡಿಮೆಯಿದ್ದರೆ ಗಟ್ಟಿ ಸ್ಪ್ರಿಂಗಿನದು ನೀರನ್ನೇ ತಡೆಯುತ್ತದೆಯಾದ್ದರಿಂದ ಹಗುರವಾಗಿ ತೆರೆಯುವುದನ್ನು ಕೇಳಿ ತನ್ನಿ.

ಉಡುಪಿಯಿಂದ:

ನಾನು ತಾಯಿಯವರ ವಿಷಯವನ್ನಷ್ಟೇ ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಅತ್ತೆಯವರು ಬಿದ್ದದ್ದು ಇದೇ ಕಾರಣಕ್ಕೆ. ಹೊರಗೆ ಕಾಣುವ ಶವರಿನಲ್ಲಿ ಮಿಕ್ಸರಿನಿಂದ ಮೇಲಕ್ಕೆ ಹೋಗುವ ಹೊಳೆಯುವ ಕೊಳವೆಯು ವಯಸ್ಸಾದವರಿಗೆ ಹಿಡಿದುಕೊಳ್ಳುವ ಕಂಬಿಯಂತೆಯೇ ಕಾಣುತ್ತದೆ. ಅದನ್ನು ಗೋಡೆಗೆ ಹಿಡಿದಿರುವುದು ಒಂದೋ ಎರಡೋ ಸಣ್ಣ ಸ್ಕ್ರೂ. ಅತ್ತೆಯವರು ಸ್ಟೂಲಿನಿಂದ ಏಳುವಾಗ ಅದನ್ನೇ ಹಿಡಿದು ಮೈಭಾರ ಹಾಕಿದರು. ಮೇಲಿನ ಬ್ರಾಕೆಟ್ ಗಾರೆಯ ಸಮೇತ ಕಿತ್ತು ಬಂತು. ದೇವರ ದಯೆ, ಮೊಣಕೈಗೆ ಪೆಟ್ಟಾದದ್ದಷ್ಟೇ. ಮಿಕ್ಸರ್ ಹಾಕಿಸುವ ದಿನವೇ ಅದರ ಪಕ್ಕದಲ್ಲಿ, ಕುಳಿತವರ ಕೈಗೆ ಎಟುಕುವಂತೆ, ಸ್ಟೀಲಿನ ಹಿಡಿಕಂಬಿಯೊಂದನ್ನು ಗೋಡೆಯ ಇಟ್ಟಿಗೆಗೆ ಇಳಿಯುವ ಆಂಕರ್ ಬೋಲ್ಟ್‌ಗಳಿಂದ ಬೇರೆಯಾಗಿಯೇ ಹಾಕಿಸಿ. ನಮ್ಮ ಕಡೆಯ ಮುರಕಲ್ಲಿನ ಗೋಡೆಯಲ್ಲಿ ಸಣ್ಣ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದೇ ಇಲ್ಲ, ಹಳೆಯ ಗಾರೆಯ ಗೋಡೆಯೂ ಹಾಗೆಯೇ.

ಎರಡನೆಯದಾಗಿ, ಬೇಸಗೆಯಲ್ಲಿ ಸೋಲಾರಿನ ನೀರು 60 ಡಿಗ್ರಿ ದಾಟುತ್ತದೆ. ಆ ಬಿಸಿಗೆ ಚರ್ಮ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ; ಹೊರಗಿರುವ ಮಿಕ್ಸರಿನ ಒಡಲೂ ಬಿಸಿಯ ಬದಿಯಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ. ಹಣ ಹೊಂದುವುದಾದರೆ ನೀರಿನ ಬಿಸಿಯನ್ನು ತಾನೇ ಒಂದೇ ಹದದಲ್ಲಿಡುವ ಥರ್ಮೋಸ್ಟಾಟ್ ಇರುವ ಮಿಕ್ಸರ್ ಒಳ್ಳೆಯದು. ಅದರಲ್ಲಿ 38 ಡಿಗ್ರಿಯ ತಡೆಯೊಂದಿದ್ದು, ಗುಂಡಿ ಒತ್ತದೆ ಅದಕ್ಕಿಂತ ಮೇಲೆ ತಿರುಗುವುದಿಲ್ಲ. ಆದರೆ ಬಿಸಿ, ತಣ್ಣೀರು ಎರಡರ ಒತ್ತಡವೂ ಹೆಚ್ಚು ಕಡಿಮೆ ಸಮನಾಗಿದ್ದು, ಅದು ಕೇಳುವಷ್ಟು ಇದ್ದರೆ ಮಾತ್ರ ಅದು ನೆಟ್ಟಗೆ ಕೆಲಸ ಮಾಡುತ್ತದೆ.

ಕೋಲಾರದಿಂದ:

ಬೋರ್‌ವೆಲ್ ನೀರಾದರೆ ಕಪ್ಪು ಬಣ್ಣದ್ದನ್ನು ಕೊಳ್ಳಬೇಡಿ. ಪ್ರತಿ ಹನಿಯೂ ಬಿಳಿಯ ಮಚ್ಚೆಯಾಗಿ ಉಳಿಯುತ್ತದೆ. ಸಾದಾ ಕ್ರೋಮ್ ಸಾಕು, ಸ್ನಾನವಾದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಒಮ್ಮೆ ಒರೆಸಿದರೆ ವರ್ಷಗಟ್ಟಲೆ ಹೊಳಪಿರುತ್ತದೆ. ಶವರಿನ ತೂತುಗಳಿಗೆ ರಬ್ಬರಿನ ಮೊಲೆಗಳಿರುವುದನ್ನೇ ಆರಿಸಿ. ಸುಣ್ಣ ಕಟ್ಟಿದಾಗ ಹೆಬ್ಬೆರಳಿನಿಂದ ತಿಕ್ಕಿದರೆ ಪುಡಿಯಾಗಿ ಉದುರುತ್ತದೆ. ನೆಲ ತೊಳೆಯಲು ಆಸಿಡ್ ಬಳಸುವ ಅಭ್ಯಾಸವಿದ್ದರೆ ನಿಲ್ಲಿಸಿ, ಅದರ ಹೊಗೆಯೇ ಕ್ರೋಮನ್ನೂ ಸ್ಟೀಲನ್ನೂ ತಿನ್ನುತ್ತದೆ.

ಮೈಸೂರಿನಿಂದ ಮತ್ತೆ:

ಎಲ್ಲರಿಗೂ ನಮಸ್ಕಾರ. ನಿನ್ನೆ ಅಳೆದು ನೋಡಿದೆ. ಟ್ಯಾಂಕಿನ ತಳ ಶವರಿಗಿಂತ ಎರಡು ಮೀಟರಿನಷ್ಟೇ ಮೇಲಿದೆ, ನಿಮಿಷಕ್ಕೆ ಆರು ಲೀಟರ್ ಬಂತು. ಆದ್ದರಿಂದ ದೊಡ್ಡ ಶವರಿನ ಆಸೆ ಬಿಟ್ಟು, ನಾಲ್ಕು ಇಂಚಿನದನ್ನೂ, ಹ್ಯಾಂಡ್ ಶವರ್ ಇರುವ ಹಿತ್ತಾಳೆಯ ಸಾದಾ ವಾಲ್ ಮಿಕ್ಸರನ್ನೂ ಆರಿಸಿದ್ದೇವೆ. ಥರ್ಮೋಸ್ಟಾಟ್ ಕೇಳುವ ಒತ್ತಡ ನಮ್ಮಲ್ಲಿಲ್ಲ. ಹಿಡಿಕಂಬಿಯನ್ನು ಎಲ್ಲಕ್ಕಿಂತ ಮೊದಲೇ ಕೊಂಡು ತಂದೆ. ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪನ್ನು ಗೋಡೆಯ ಮೇಲೆ ಹಾಯಿಸುವಾಗ ಏನಾದರೂ ಎಚ್ಚರ ಬೇಕೇ?

ಬೆಂಗಳೂರಿನಿಂದ:

ಬಿಸಿನೀರಿಗೆ ಸಿಪಿವಿಸಿ ಸ್ವಲ್ಪ ಉದ್ದವಾಗಿ ಜೋತು ಬೀಳುತ್ತದೆ. ಮೂರಡಿಗೊಂದರಂತಾದರೂ ಕ್ಲ್ಯಾಂಪ್ ಇರಲಿ, ಪೈಪು ಒಳಗೆ ಜಾರುವಷ್ಟು ಸಡಿಲವಾಗಿರಲಿ. ಮಾಳಿಗೆಯ ಮೇಲೆ ಬಿಸಿಲಿಗೆ ಬೀಳುವ ಭಾಗಕ್ಕೆ ಹೊದಿಕೆ ಸುತ್ತಿಸಿ. ಮಿಕ್ಸರಿನ ಕಾಲುಗಳು ಕೂರುವ ಹಿತ್ತಾಳೆ ತಿರುಪಿನ ಎಲ್ಬೋವನ್ನು (ಬಾಗಿದ ಜೋಡಣೆಯ ತುಂಡನ್ನು) ಬಲವಂತವಾಗಿ ಬಿಗಿದರೆ ಸುತ್ತಲಿನ ಪ್ಲಾಸ್ಟಿಕ್ ಸೀಳುತ್ತದೆ, ಟೆಫ್ಲಾನ್ ಟೇಪ್ ಸರಿಯಾಗಿ ಸುತ್ತಿ ಹದವಾಗಿ ಬಿಗಿದರೆ ಸಾಕು. ಮಿಕ್ಸರ್ ಕೂರಿಸುವ ಮುನ್ನ ಎರಡೂ ಪೈಪುಗಳ ಬಾಯಿ ತೆರೆದು ಐದು ನಿಮಿಷ ನೀರು ಬಕೆಟ್ಟಿಗೆ ಹರಿಯಲಿ. ನಮ್ಮ ಮನೆಯಲ್ಲಿ ಹಾಗೆ ಮಾಡಿದಾಗ ಪೈಪು ಕೊಯ್ದ ಹಳದಿ ಪುಡಿ ಒಂದು ಚಮಚದಷ್ಟು ಬಂತು. ಅದು ಸ್ಪಿಂಡಲಿನ ಸೆರಾಮಿಕ್ ಬಿಲ್ಲೆಗಳ ನಡುವೆ ಸಿಕ್ಕಿದ್ದರೆ ಹೊಸ ನಲ್ಲಿ ಮೊದಲ ದಿನದಿಂದಲೇ ತೊಟ್ಟಿಕ್ಕುತ್ತಿತ್ತು.