ಪ್ಯೂಪಿಲೇಜ್ (ಬ್ಯಾರಿಸ್ಟರ್ ಆಗಲು ಬೇಕಾದ ಒಂದು ವರ್ಷದ ತರಬೇತಿ) ಅರ್ಜಿಗೆ ಯಾರ ಸಹಾಯ ಕೇಳುವುದು? ದುಡ್ಡು ಕೊಟ್ಟು ತಿದ್ದಿಸಬೇಕಾ? ಅನುಭವ ಇದ್ದವರು ಹೇಳಿ

ಲೆಸ್ಟರ್‌ನ ಧಾರವಾಡದವಳು:
ಎಲ್ಲರಿಗೂ ನಮಸ್ಕಾರ. ಇಲ್ಲಿ ಇಂಗ್ಲೆಂಡಿನಲ್ಲಿ ಬಾರ್ ಕೋರ್ಸ್ (ಬ್ಯಾರಿಸ್ಟರ್ ಆಗುವವರು ಓದುವುದು) ಮುಗಿಸಿದ್ದೇನೆ. ಕಳೆದ ಸಲ ಗೇಟ್‌ವೇಯಲ್ಲಿ (ಪ್ಯೂಪಿಲೇಜ್ ಅರ್ಜಿ ಹಾಕುವ ವೆಬ್‌ಸೈಟ್) ಹಾಕಿದ ಅರ್ಜಿಗಳಲ್ಲಿ ಒಂದಕ್ಕೂ ಇಂಟರ್‌ವ್ಯೂ ಬರಲಿಲ್ಲ. ನನಗೆ ಬೇಕಿರುವುದು ಫ್ಯಾಮಿಲಿ ಲಾ, ಮಿಡ್‌ಲ್ಯಾಂಡ್ಸ್ ಕಡೆ. ಒಬ್ಬರು ಅರ್ಜಿ ತಿದ್ದಿಕೊಟ್ಟು ಮಾಕ್ (ಅಭ್ಯಾಸದ) ಇಂಟರ್‌ವ್ಯೂನೂ ಮಾಡಿಸಲು 600 ಪೌಂಡ್ ಕೇಳುತ್ತಿದ್ದಾರೆ. ಗ್ರಾಜುಯೇಟ್ ವೀಸಾ (ಓದು ಮುಗಿದ ಮೇಲೆ ಇಲ್ಲಿರಲು ಸಿಗುವುದು) ದಿನ ಕಳೆಯುತ್ತಿದೆ. ಕೊಡಲಾ? ಬೇರೆ ದಾರಿ ಇದೆಯಾ?

ಕ್ರಾಯ್ಡನ್ ತುಮಕೂರು:
ಕೊಡಬೇಡಿ. ನಾನು ಕೊಟ್ಟೆ. ಸಿವಿ ಮತ್ತು ಅರ್ಜಿಗೆ 350, ಮಾಕ್ ಇಂಟರ್‌ವ್ಯೂಗೆ 220, ಅದರ ವಿಡಿಯೋ ಬೇಕೆಂದರೆ ಇನ್ನೂ 40, ಕೊನೆ ವಾರದಲ್ಲಿ ಕೇಳಿದ್ದಕ್ಕೆ "ಅರ್ಜೆಂಟ್" ಅಂತ 75. ಒಟ್ಟು 685 ಪೌಂಡ್. ಇದು ಬಾರ್ ಕೋರ್ಸ್‌ನ 16,500 ಕೊಟ್ಟ ಮೇಲೆ, ತಿಂಗಳಿಗೆ 780 ರೂಮ್ ಬಾಡಿಗೆ ಕಟ್ಟುತ್ತಾ. ಊರಲ್ಲಿ ಅಪ್ಪ ಸೈಟ್ ಅಡ ಇಟ್ಟು ಕಳಿಸಿದ ದುಡ್ಡು ಅದು.

ಸಿಕ್ಕಿದ್ದೇನು? "ನಿಮ್ಮ ಚೇಂಬರ್ಸನ್ನೇ ಏಕೆ ಆರಿಸಿದೆ" ಅನ್ನುವ ಪ್ರಶ್ನೆಗೆ ಚೆಂದದ ಒಂದು ಪ್ಯಾರಾ (ಚೇಂಬರ್ಸ್ ಅಂದರೆ ಬ್ಯಾರಿಸ್ಟರ್‌ಗಳು ಸೇರಿ ನಡೆಸುವ ಕಚೇರಿ). ಆಮೇಲೆ ಗೆಳೆಯನೊಬ್ಬ ತನ್ನ ಅರ್ಜಿ ತೋರಿಸಿದ. ಅದೇ ಪ್ಯಾರಾ! ಚೇಂಬರ್ಸ್ ಹೆಸರು ಮಾತ್ರ ಬೇರೆ. ಅವನೂ ಅದೇ ಮನುಷ್ಯನಿಗೆ ದುಡ್ಡು ಕೊಟ್ಟಿದ್ದ. ಇಬ್ಬರಿಗೂ ರಿಜೆಕ್ಟ್. ಈಗ ಒಂದು ಸಾಲಿಸಿಟರ್ ಆಫೀಸಿನಲ್ಲಿ ಪ್ಯಾರಾಲೀಗಲ್ (ವಕೀಲರ ಸಹಾಯಕ) ಆಗಿದ್ದೇನೆ. ಕೋರ್ಸ್ ಮುಗಿದು ಐದು ವರ್ಷದೊಳಗೆ ಪ್ಯೂಪಿಲೇಜ್ ಶುರು ಆಗಬೇಕು ಅನ್ನುವ ನಿಯಮ ತಲೆ ಮೇಲೆ ತೂಗುತ್ತಿದೆ.

ಲೀಡ್ಸ್ ಅಕ್ಕ:
ನಾನು ಈಗ ಲೀಡ್ಸ್‌ನಲ್ಲಿ ಕ್ರಿಮಿನಲ್ ಪ್ರಾಕ್ಟೀಸ್ ಮಾಡುತ್ತೇನೆ. ಅರ್ಜಿ ತಿದ್ದಲು ಒಂದು ಪೌಂಡನ್ನೂ ಯಾರಿಗೂ ಕೊಟ್ಟಿಲ್ಲ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ನಾನು ಗ್ರೇಸ್ ಇನ್ ಸದಸ್ಯೆ, ಅಂಬೇಡ್ಕರ್ ಅವರ ಇನ್. (ಇನ್ ಅಂದರೆ ಬ್ಯಾರಿಸ್ಟರ್ ಆಗುವವರು ಸೇರಲೇಬೇಕಾದ ಸಂಘ.) ಇನ್ ಅಂದರೆ ಊಟದ ಹಾಲ್ ಮಾತ್ರ ಅಂದುಕೊಂಡವರು ಬಹಳ ಜನ. ನಾಲ್ಕೂ ಇನ್‌ಗಳಲ್ಲಿ ಮೆಂಟರ್ ಕೊಡುತ್ತಾರೆ, ಮಾಕ್ ಇಂಟರ್‌ವ್ಯೂ ಮಾಡಿಸುತ್ತಾರೆ. ಮಾಡಿಸುವವರು ಕೆಲಸದಲ್ಲಿರುವ ಬ್ಯಾರಿಸ್ಟರ್‌ಗಳೇ. ನೀವಾಗಿ ಮೇಲ್ ಹಾಕಿ ಕೇಳಬೇಕು, ಅದೂ ಬೇಗ. ಜನವರಿಯಲ್ಲಿ ಕೇಳಿದರೆ ಯಾರೂ ಬಿಡುವಾಗಿರುವುದಿಲ್ಲ.

ನನ್ನ ಮೆಂಟರ್ ಮೊದಲ ದಿನವೇ ಕೆಂಪು ಪೆನ್ನು ಹಿಡಿದು "ಪ್ಯಾಷನೇಟ್" ಅಂತ ಬರೆದ ಕಡೆಯೆಲ್ಲ ಗೆರೆ ಎಳೆದರು. ಪ್ರತಿ ವಾಕ್ಯಕ್ಕೂ ಸಾಕ್ಷಿ ಕೇಳಿದರು. ಕೇರ್ ಹೋಮಿನಲ್ಲಿ ನೈಟ್ ಶಿಫ್ಟ್ ಮಾಡುತ್ತಿದ್ದುದನ್ನು ನಾನು ಬರೆದೇ ಇರಲಿಲ್ಲ. ಅದನ್ನೇ ಮುಂದಕ್ಕೆ ತರಿಸಿದರು. ಮಾತು ಕೇಳದ, ಹೆದರಿದ ಮನುಷ್ಯರ ಜೊತೆ ಮಾತಾಡುವುದೇ ಕ್ರಿಮಿನಲ್ ವಕೀಲರ ಅರ್ಧ ಕೆಲಸ ಅಂದರು. ಅರ್ಜಿ ಓದುವವರು ದಿನವೆಲ್ಲ ಕೋರ್ಟಿನಲ್ಲಿದ್ದು ರಾತ್ರಿ ಒಂದರ ಹಿಂದೆ ಒಂದು ಓದಿ ಅಂಕ ಹಾಕುತ್ತಾರೆ. ಸುಮ್ನೆ ಹೊಗಳಿಕೆಗೆ ಅಂಕ ಬರುವುದಿಲ್ಲ.

ಖರ್ಚು ಆಗಲಿಲ್ಲ ಅಂತಲ್ಲ. ಲಂಡನ್ನಿನ ಒಂದು ಇಂಟರ್‌ವ್ಯೂಗೆ ಬೆಳಗಿನ ರೈಲು 138 ಪೌಂಡ್, ಎರಡನೇ ಸುತ್ತಿಗೆ ಮತ್ತೆ ಅಷ್ಟೇ. ಆ ಚೇಂಬರ್ಸ್ ರೈಲು ಖರ್ಚು ಕೊಡಲೇ ಇಲ್ಲ. ಬೇರೆ ಕೆಲವು ಕೊಡುತ್ತವೆ, ನಾಚದೆ ಕೇಳಿ.

ಕ್ರಾಯ್ಡನ್ ತುಮಕೂರು:
ಅಕ್ಕಾ, ನಿಮಗೆ ಇನ್‌ನ ಸ್ಕಾಲರ್‌ಶಿಪ್ ಇತ್ತಾ ಇಲ್ವಾ? ಅದನ್ನು ಹೇಳಿ ಮೊದಲು. ಸ್ಕಾಲರ್‌ಶಿಪ್ ಇದ್ದವರಿಗೆ ಎಲ್ಲ ಬಾಗಿಲೂ ತೆರೆಯುತ್ತವೆ. ಅದಕ್ಕೆ ನವೆಂಬರ್ ಮೊದಲಲ್ಲೇ ಅರ್ಜಿ ಹಾಕಬೇಕು ಅಂತ ತುಮಕೂರಿನಲ್ಲಿ ಕೂತವನಿಗೆ ಯಾರು ಹೇಳುತ್ತಾರೆ?

ಲೀಡ್ಸ್ ಅಕ್ಕ:
ಇತ್ತು. ಇಂಟರ್‌ವ್ಯೂ ಎದುರಿಸಿ ತಗೊಂಡೆ. ಯಾರೂ ಮನೆಗೆ ತಂದು ಕೊಡಲಿಲ್ಲ. ಮೆಂಟರ್ ಮಾತ್ರ ಸ್ಕಾಲರ್‌ಶಿಪ್ ಇಲ್ಲದವರಿಗೂ ಸಿಗುತ್ತಾರೆ. ಗೊತ್ತಿಲ್ಲದೆ ಜನರನ್ನು ಹೆದರಿಸಬೇಡಿ.

ಮಿಲ್ಟನ್ ಕೀನ್ಸ್ ಅಮ್ಮ:
ನಾವು ದುಡ್ಡು ಕೊಟ್ಟೆವು, ನಮಗೆ ನಾಚಿಕೆ ಇಲ್ಲ. ನಮ್ಮ ಮನೆಯಲ್ಲಿ ಒಬ್ಬ ವಕೀಲರೂ ಇಲ್ಲ. ನಾನು ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆಸ್ಪತ್ರೆ) ಲ್ಯಾಬಿನಲ್ಲಿದ್ದೇನೆ, ಇವರು ಐಟಿ. ಮಗಳು ಇಂಟರ್‌ವ್ಯೂ ಹತ್ತಿರ ಬಂತೆಂದರೆ ಊಟ ಬಿಡುತ್ತಿದ್ದಳು. ಅವಳ ಜೊತೆ ಓದಿದ ಹುಡುಗರ ಅಪ್ಪಂದಿರು ಕೆಲವರು ಜಡ್ಜ್‌ಗಳು. ಅವರಿಗೆ ಮಾಕ್ ಇಂಟರ್‌ವ್ಯೂ ಭಾನುವಾರದ ಊಟದ ಮೇಜಿನಲ್ಲೇ ನಡೆಯುತ್ತದೆ. ನಾವೇನು ಮಾಡಬೇಕಿತ್ತು?

ಆದರೆ ಬರೆಯುವುದಕ್ಕೆ ಕೊಡಲಿಲ್ಲ. ಮಾತಾಡಿಸುವುದಕ್ಕೆ ಮಾತ್ರ ಕೊಟ್ಟೆವು, 450 ಪೌಂಡ್. ಹತ್ತು ನಿಮಿಷ ಮೊದಲು ಜಾಮೀನು ಅರ್ಜಿಯ ಕಾಗದ ಕೈಗೆ ಕೊಟ್ಟು, ವಾದ ಮಾಡು ಅನ್ನುತ್ತಿದ್ದರು. ನಡುವೆ ತಡೆದು ಪ್ರಶ್ನೆ ಹಾಕುತ್ತಿದ್ದರು. ನಿಜವಾದ ಇಂಟರ್‌ವ್ಯೂನಲ್ಲಿ ಅದೇ ಬಂತು. ಸೂಟ್ 165, ಶೂ 60 ಬೇರೆ. ಅದಕ್ಕಿಂತ ದೊಡ್ಡ ಸಹಾಯ ಆಗಿದ್ದು ಲಂಡನ್ನಿನ ಫ್ರೀ ರೆಪ್ರೆಸೆಂಟೇಷನ್ ಯೂನಿಟ್, ಬಿಟ್ಟಿಯಾಗಿ ಕೇಸ್ ನಡೆಸಿಕೊಡುವ ಸಂಸ್ಥೆ. ತರಬೇತಿ ಕೊಟ್ಟು ಟ್ರಿಬ್ಯೂನಲ್‌ನಲ್ಲಿ ನಿಜವಾದ ಕೇಸ್ ನಡೆಸಲು ಬಿಡುತ್ತಾರೆ. ಕೆಲಸ ಕಳೆದುಕೊಂಡ ಒಬ್ಬ ಹೆಂಗಸಿನ ಪರ ಮಗಳು ನಿಂತಳು. ಆಮೇಲೆ ಬರೆದ ಅರ್ಜಿಯೇ ಬೇರೆ.

ಬೆಂಗಳೂರಿಗೆ ವಾಪಸ್:
ಇಷ್ಟೆಲ್ಲ ಯಾಕೆ? ನಾನೂ ಅಲ್ಲಿ ಕಾಲ್ ಆದವನೇ (ಬ್ಯಾರಿಸ್ಟರ್ ಪದವಿ ಪಡೆದವನೇ). ನನ್ನ ಎಲ್‌ಎಲ್‌ಬಿ ಬೆಂಗಳೂರಿನದೇ ಆದ್ದರಿಂದ ವಾಪಸ್ ಬಂದು ಎನ್‌ರೋಲ್ ಆಗಿ ಹೈಕೋರ್ಟಿನಲ್ಲಿ ಸೀನಿಯರ್ ಹತ್ತಿರ ಸೇರಿದೆ. ಇಲ್ಲಿ ಬಂದ ದಿನವೇ ಫೈಲ್ ಕೈಗೆ ಬರುತ್ತದೆ. ಅಲ್ಲಿ ಮೊದಲ ಆರು ತಿಂಗಳು ಸೀನಿಯರ್ ಹಿಂದೆ ಕೂತು ನೋಡುವುದೇ ಕೆಲಸ. ಪೌಂಡ್ ಬೆಲೆ ನೂರು ರೂಪಾಯಿ ದಾಟಿದೆ, ಸಾಲ ತೀರಿಸುವವರು ಯಾರು?

ಲೀಡ್ಸ್ ಅಕ್ಕ:
ಆಕೆ ಕೇಳಿದ್ದು ಅರ್ಜಿಗೆ ಸಹಾಯ, ವಾಪಸ್ ಬರಬೇಕಾ ಅಂತಲ್ಲ. ನಿಮ್ಮಲ್ಲಿ ಜೂನಿಯರ್‌ಗೆ ಏನು ಕೊಡುತ್ತಾರೆ, ಅದನ್ನೂ ಹೇಳಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ನಗರಗಳಲ್ಲಿ ತಿಂಗಳಿಗೆ 20,000 ರೂಪಾಯಿ ಕೊಡಿ ಅಂದಿದ್ದು ಬರೀ ಸಲಹೆ. ಇಲ್ಲಿ ಪ್ಯೂಪಿಲೇಜ್‌ನಲ್ಲಿ ಕನಿಷ್ಠ ಎಷ್ಟು ಕೊಡಲೇಬೇಕು ಅಂತ ನಿಯಮ ಇದೆ. 2024ರಲ್ಲಿ ಲಂಡನ್ನಿಗೆ ವರ್ಷಕ್ಕೆ 23,078 ಪೌಂಡ್, ಹೊರಗೆ 21,060.

ಬೆಂಗಳೂರಿಗೆ ವಾಪಸ್:
ಅದು ಒಂದು ವರ್ಷಕ್ಕೆ. ಆಮೇಲೆ? ಅಲ್ಲಿನ ಕ್ರಿಮಿನಲ್ ಬಾರ್‌ನವರು (ಕ್ರಿಮಿನಲ್ ಕೇಸಿನ ಬ್ಯಾರಿಸ್ಟರ್‌ಗಳು) 2022ರಲ್ಲಿ ಮುಷ್ಕರ ಮಾಡಿದ್ದು ಹೊಟ್ಟೆ ತುಂಬಿ ಅಲ್ಲವಲ್ಲ.

ಲೀಡ್ಸ್ ಅಕ್ಕ:
ನಾನೂ ಆ ಮುಷ್ಕರದಲ್ಲಿ ಕೋರ್ಟ್ ಮುಂದೆ ನಿಂತಿದ್ದೆ. ಫೀ ಶೇ. 15 ಏರಿಸಿಕೊಂಡೇ ಕೆಲಸಕ್ಕೆ ಮರಳಿದೆವು. ಕಷ್ಟ ಇಲ್ಲ ಅಂದೆನಾ? ಬಿಟ್ಟು ಹೋದವರು ಇದ್ದವರಿಗೆ ಬುದ್ಧಿ ಹೇಳಬೇಡಿ.

ಬೆಂಗಳೂರಿಗೆ ವಾಪಸ್:
ಬಿಟ್ಟು ಹೋಗಲಿಲ್ಲ ರೀ, ನಮ್ಮ ಕೋರ್ಟಿಗೆ ಬಂದೆ. ನನ್ನ ಕಕ್ಷಿದಾರರ ಜೊತೆ ಕನ್ನಡದಲ್ಲಿ ಮಾತಾಡುತ್ತೇನೆ. ಅದಕ್ಕೆ ಬೆಲೆ ಇದೆ.

ಕ್ರಾಯ್ಡನ್ ತುಮಕೂರು:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಒಬ್ಬರಿಗೆ ಬರೀ 20 ಅರ್ಜಿ ಗೇಟ್‌ವೇಯಲ್ಲಿ. ಅದನ್ನು ಲಂಡನ್ನಿನ ದೊಡ್ಡ ಕಮರ್ಷಿಯಲ್ ಚೇಂಬರ್ಸ್‌ಗಳಿಗೆ ಹಂಚಿ ಕಳೆದುಕೊಳ್ಳುವವರು ಎಷ್ಟು ಜನ! ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಮಿಲ್ಟನ್ ಕೀನ್ಸ್ ಅಮ್ಮ:
ತುಮಕೂರಿನವರೇ, ಎಐ ಕೈಲಿ ಬರೆಸುವವರ ಬಗ್ಗೆ ಏನಂತೀರಿ? ಮಗಳ ಗೆಳತಿ ಹಾಗೆ ಮಾಡಿದಳು. ಇಂಟರ್‌ವ್ಯೂನಲ್ಲಿ ಅವಳದೇ ಅರ್ಜಿಯ ಸಾಲು ಓದಿ "ಇದನ್ನು ವಿವರಿಸಿ" ಅಂದಾಗ ಬಾಯಿ ಕಟ್ಟಿತಂತೆ.

ಕ್ರಾಯ್ಡನ್ ತುಮಕೂರು:
685 ಪೌಂಡ್ ಕೊಟ್ಟು ಬರೆಸಿದ್ದಕ್ಕೂ ಅದಕ್ಕೂ ನನಗೆ ವ್ಯತ್ಯಾಸ ಕಾಣುತ್ತಿಲ್ಲ ಮೇಡಂ.

ಲೆಸ್ಟರ್‌ನ ಧಾರವಾಡದವಳು:
ಎಲ್ಲರಿಗೂ ಥ್ಯಾಂಕ್ಸ್. 600 ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದೆ. ನನ್ನ ಇನ್‌ಗೆ ಇವತ್ತೇ ಮೇಲ್ ಹಾಕಿದ್ದೇನೆ. ಆದರೆ ಇಲ್ಲಿ ಫ್ಯಾಮಿಲಿ ಲಾದವರು ಯಾರೂ ಇಲ್ವಾ? ವೀಸಾ ಸ್ಪಾನ್ಸರ್ ಮಾಡುವ ಬಗ್ಗೆ ಚೇಂಬರ್ಸ್‌ಗೆ ಮೊದಲೇ ಕೇಳಬೇಕಾ, ಆಫರ್ ಬಂದ ಮೇಲಾ?

ಲೀಡ್ಸ್ ಅಕ್ಕ:
ಮೊದಲೇ ಕೇಳಿ ತಂಗಿ. ಎಲ್ಲ ಚೇಂಬರ್ಸ್‌ಗೂ ಸ್ಪಾನ್ಸರ್ ಮಾಡಲು ಆಗುವುದಿಲ್ಲ, 20ರಲ್ಲಿ ಒಂದನ್ನು ಸುಮ್ನೆ ಕಳೆದುಕೊಳ್ಳಬೇಡ. ಫ್ಯಾಮಿಲಿಯವರೊಬ್ಬರು ನಮ್ಮ ಚೇಂಬರ್ಸ್‌ನಲ್ಲೇ ಇದ್ದಾರೆ, ಕೇಳಿ ನೋಡುತ್ತೇನೆ. ಅರ್ಜಿ ಇದ್ದ ಹಾಗೇ ಕಳಿಸು. ಭಾನುವಾರದೊಳಗೆ ಬರಲಿ, ಸೋಮವಾರದಿಂದ ನನಗೆ ಟ್ರಯಲ್ ಇದೆ.