ಶ್ವಾಸಕೋಶದ ಕ್ಯಾನ್ಸರ್ ಕರುಳಿಗೂ ಬಂದರೆ ಕನ್ನಡದಲ್ಲಿ ಹೇಗೆ ಬರೆಯುವುದು?

ಎಲ್ಲರಿಗೂ ನಮಸ್ಕಾರ.

ಕೋಲಾರ ಜಿಲ್ಲೆಯ ಕ್ಯಾನ್ಸರ್ ರೋಗಿಗಳ ಮನೆಯವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಒಂದು ಪುಟಕ್ಕೆ ನಿಮ್ಮ ನೆರವು ಬೇಕು.

ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಮಿದುಳು, ಮೂಳೆ, ಲಿವರ್, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ಹೋಗುತ್ತದೆ. ಅಪರೂಪಕ್ಕೆ ಸಣ್ಣ ಕರುಳಿಗೂ ಬರುತ್ತದೆ. ಅಲ್ಲಿ ಗಡ್ಡೆ ಬೆಳೆದು ದಾರಿ ಕಟ್ಟಬಹುದು, ರಕ್ತ ಒಸರಬಹುದು, ಕರುಳು ತೂತಾಗಬಹುದು.

ಇದನ್ನು ‘ಸ್ಥಾನಾಂತರ’ ಎಂದರೆ ರೋಗ ಶ್ವಾಸಕೋಶ ಬಿಟ್ಟುಹೋಯಿತು ಎಂಬ ಅರ್ಥ ಬರುತ್ತದೆ. ‘ಹರಡಿದೆ’ ಎಂದರೆ “ನಮಗೂ ಅಂಟುತ್ತಾ?” ಎಂದು ಕೇಳುತ್ತಾರೆ. ‘ಕರುಳಿನ ಕ್ಯಾನ್ಸರ್’ ಅಂತೂ ತಪ್ಪೇ. ಕರುಳಲ್ಲಿ ಬೆಳೆದರೂ ಅವು ಶ್ವಾಸಕೋಶದ್ದೇ ಜೀವಕೋಶಗಳು. ಪರೀಕ್ಷೆಗೆಂದು ತೆಗೆದ ಬಯಾಪ್ಸಿ ತುಣುಕಿನಲ್ಲಿ ಟಿಟಿಎಫ್-1 ಎಂಬ ಪ್ರೋಟೀನ್ ಕಂಡರೆ ಮೂಲ ಶ್ವಾಸಕೋಶ ಎನ್ನುವುದಕ್ಕೆ ಬಲ ಬರುತ್ತದೆ. ಔಷಧಿಯೂ ಆ ಮೂಲವನ್ನೇ ನೋಡಿ ಕೊಡುವಂಥದ್ದು. ‘ಕರುಳಿಗೂ ಹಬ್ಬಿದೆ’ ನನಗೆ ಹಿಡಿಸಿದೆ. ರೋಗ ಶ್ವಾಸಕೋಶದಲ್ಲೂ ಇದೆ ಎಂದು ತಿಳಿಸುವ ಆ ‘ಊ’ ಬಿಡಬಾರದು.

ಕನ್ನಡದ ಮಾತು ಬೇಕಾದ ಇನ್ನೊಂದು ಪದ ಇಂಟಸಸೆಪ್ಷನ್. ಅಂಗಿ ಕಳಚುವಾಗ ತೋಳು ಒಳಕ್ಕೆ ಸೇರಿಕೊಳ್ಳುವ ಹಾಗೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ನುಗ್ಗುತ್ತದೆ. ದೊಡ್ಡವರಲ್ಲಿ ಹೀಗಾದರೆ ಎಷ್ಟೋ ಸಲ ಒಳಗೊಂದು ಗಡ್ಡೆ ಇರುತ್ತದೆ. ‘ಕರುಳು ಸುತ್ತಿಕೊಂಡಿದೆ’ ಅನ್ನುವುದು ಕರುಳು ತಿರುಚಿಕೊಳ್ಳುವ ಬೇರೆಯೇ ತೊಂದರೆ. ‘ಕರುಳೊಳಗೆ ಕರುಳು ಸೇರುವುದು’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಮಾತು ಇದೆಯೇ? (ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗಾದವರಿಗೆ ಕರುಳು ‘ಪೇಗು’. ಅದನ್ನೂ ಪಕ್ಕದಲ್ಲೇ ಹಾಕುತ್ತೇವೆ.)

ನಿಜವಾಗಿ ನನ್ನನ್ನು ಕಾಡುತ್ತಿರುವುದು ಅಪಾಯದ ಲಕ್ಷಣಗಳ ಸಾಲು. ಕೀಮೋ ತೆಗೆದುಕೊಳ್ಳುವವರು ಹೊಟ್ಟೆನೋವನ್ನು ಔಷಧಿಯ ಕಾಟ ಎಂದು ತಡೆದುಕೊಂಡುಬಿಡುತ್ತಾರೆ. ಕರುಳು ತೂತಾಗಿದ್ದರೆ ಹಾಗೆ ಕಾಯುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಠಾತ್ತನೆ ತಡೆಯಲಾಗದ ನೋವು, ಹೊಟ್ಟೆ ಬಿಗಿಯುವುದು, ಹೊಟ್ಟೆ ಉಬ್ಬರ, ಹಸಿರು ವಾಂತಿ: ಇಷ್ಟು ಎಲ್ಲರಿಗೂ ತಿಳಿಯುತ್ತದೆ. ಮುಂದಿನದು ‘ಗಾಳಿ ಹೋಗದಿರುವುದು’. ಶ್ವಾಸಕೋಶದ ರೋಗಿಯ ಮನೆಯವರು ಇದನ್ನು ಉಸಿರಿನ ಮಾತೆಂದೇ ಓದುತ್ತಾರೆ! ‘ಅಪಾನವಾಯು’ ಹಳ್ಳಿಯಲ್ಲಿ ಯಾರಿಗೂ ತಲುಪದು. ‘ಹೂಸು’ ಎಲ್ಲರಿಗೂ ಗೊತ್ತು, ಆದರೆ ಸೊಸೆ ಮಾವನಿಗೆ ಓದಿ ಹೇಳಬೇಕಾದ ಪುಟ ಇದು.

ನಿಮ್ಮ ಕಡೆ ಹಿರಿಯರ ಮುಂದೆ ಇದನ್ನು ಏನೆಂದು ಹೇಳುತ್ತೀರಿ? ಊರಿನ ಹೆಸರೂ ಸೇರಿಸಿ ಬರೆಯಿರಿ.